ಮೂರು ಕೊಟೇಶನ್

ಡಿಸೆಂಬರಿನ ಎರಡನೇ ವಾರ. ಚಿಕ್ಕಮಗಳೂರು.
ಬೆಳಿಗ್ಗೆ ಏಳೂವರೆಗೂ ಸ್ಕೂಟರಿನ ಸೀಟು ಒದ್ದೆ.
ನನ್ನ ಚೀಲದಲ್ಲಿ ಒಂದು ಆದೇಶ, ಒಂದು ಟೇಪು,
ಉಪ್ಪಳ್ಳಿ ದಾರಿಯ ಆ ಹಳದಿ ಮನೆಯ
ಒಂಬತ್ತು ಕೋಣೆಗಳ ಅಳತೆ.

ಜೈಲು ಮುಗಿಸಿ ಬಂದವರು, ಊರಿಗಿನ್ನೂ ಸೇರದವರು
ಆರು ತಿಂಗಳು ಅಲ್ಲಿರುತ್ತಾರೆ. ದಿನಕ್ಕೆರಡು ಸಹಿ.
ಕಂಬಳಿ ಎರಡೆರಡು ಕೊಟ್ಟೆವು. ಸಾಲದು ಎಂದು
ಯಾರೂ ಹೇಳಲಿಲ್ಲ. ಹೇಳುವ ರೂಢಿ ತಪ್ಪಿದೆ ಅವರಿಗೆ.
ಹಾಜರಿ ಕರೆಯುವಾಗ
ಹೆಸರಿಗಿಂತ ಮೊದಲು ಹಲ್ಲು ಓಗೊಟ್ಟಿತು.

ಧರಣೇಂದ್ರಯ್ಯನವರ ಅಂಗಡಿ, ಮಾರ್ಕೆಟ್ ರಸ್ತೆ.
ಆದೇಶ ಓದಿ ಹೇಳಿದೆ:
ಕಾಯಿಲ್ ಕಾಣಬಾರದು. ವೈರು ನೇತಾಡಬಾರದು.
ಮೂಲೆ ಚೂಪಿರಬಾರದು. ರೂಪಾಯಿ ನಾಣ್ಯದಲ್ಲಿ
ತಿರುಗುವ ಸ್ಕ್ರೂ ಇರಬಾರದು.
ಬೆರಳು ತೂರುವ ಸಂದು, ಬಟ್ಟೆ ಸಿಕ್ಕುವ ಕೊಕ್ಕೆ—
"ಅಂಗನವಾಡಿಗಾ ಮೇಡಂ?" ಅಂದರು.
ನಾನು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ.
ಶೇಕಡಾ ಐದು ಬಿಟ್ಟುಕೊಟ್ಟರು, ಮಕ್ಕಳ ಹೆಸರಲ್ಲಿ.

ಸರಕಾರಕ್ಕೆ ಮೂರು ಕೊಟೇಶನ್ ಬೇಕು.
ಮೂರು ನಮೂನೆ ತಂದು ಊಟದ ಮೇಜಿನ ಮೇಲಿಟ್ಟು
ಹೂವಪ್ಪನನ್ನು ಕರೆದೆ. ಜೈಲಿನ ವರ್ಕ್‌ಶಾಪಿನಲ್ಲಿ
ಹನ್ನೊಂದು ವರ್ಷ ವೈರಿಂಗ್ ಮಾಡಿದ ಕೈ.
ಅವನ ಕಡತದಲ್ಲಿ ಬೆಂಕಿ ಇದೆ.
ಒಂದು ಗೋದಾಮು, ಒಂದು ರಾತ್ರಿ, ಒಳಗೆ ಮಲಗಿದ್ದ ಒಬ್ಬ.
ಮಲಗಿದ್ದದ್ದು ಗೊತ್ತಿರಲಿಲ್ಲ ಎಂದು ಇವನು ಹೇಳಿದ್ದು
ಪುಟ ಹದಿನೇಳರಲ್ಲಿದೆ. ನಂಬಿದವರ ಸಹಿ ಎಲ್ಲೂ ಇಲ್ಲ.

ಮೊದಲನೆಯದನ್ನು ಬೋರಲು ಹಾಕಿದ.
"ಇದರಲ್ಲಿ ಸುಡಬಹುದು," ಅಂದ, ಅಕ್ಕಿ ಆರಿಸುವವರ ಹಾಗೆ.
ಎರಡನೆಯದರ ಹಿಂದೆ ಕೈ ಹಾಕಿ ಜಗ್ಗಿದ.
"ಇದರಲ್ಲಿ ಸಾಯಬಹುದು."
ಬರೆದುಕೊಳ್ಳುವುದನ್ನು ನಾನು ಮರೆತೆ.
ಮೂರನೆಯದು ಗೋಡೆಗೆ ಅಂಟುವ ಬಿಳಿ ಹಲಗೆ,
ನೆತ್ತಿ ಇಳಿಜಾರು, ಹಂಚಿನ ಮಾಡಿನಂತೆ.
ಟವೆಲ್ ಇಟ್ಟ. ಜಾರಿತು. ಮತ್ತೆ ಇಟ್ಟ. ಜಾರಿತು.
ಪ್ಲಗ್ಗು ಹಾಕಿ, ಅಂಗೈ ಒತ್ತಿ ಹಿಡಿದು ಅರವತ್ತು ಎಣಿಸಿದ.
"ಇದು ಏನೂ ಮಾಡಗೊಡಲ್ಲ," ಅಂದ.
ಹೊಗಳಿಕೆಯೋ ದೂರೋ, ತಿಳಿಯಲಿಲ್ಲ.
ಶಿಫಾರಸು ಎಂದು ಬರೆದುಕೊಂಡೆ.

ಒಂಬತ್ತು ಗೋಡೆಗೆ ಒಂಬತ್ತು ಹಲಗೆ. ಅವನೇ ಕೂರಿಸಿದ.
ತನ್ನ ಕೋಣೆಯದನ್ನು ಎಲ್ಲಕ್ಕಿಂತ ಕೊನೆಗೆ,
ಮಂಚವನ್ನು ಎದುರು ಗೋಡೆಯವರೆಗೂ ಎಳೆದಿಟ್ಟು.

ಮುಗಿಸಿ ಕೇಳಿದ: "ಮೇಡಂ, ಒಂದು ಮೊಳೆ ಸಿಗುತ್ತಾ?
ಅಂಗಿ ತಗುಲಿಹಾಕಕ್ಕೆ. ಹದಿನಾಲ್ಕು ವರ್ಷದಿಂದ
ಮಡಚಿ ತಲೆ ಕೆಳಗೇ ಇಡ್ತಿದೀನಿ."
ಮೊಳೆ ಆದೇಶದಲ್ಲಿಲ್ಲ.
ಆದೇಶ ಇರುವುದೇ ಮೊಳೆ ಇರದಿರಲೆಂದು.
ಹಾಗೆನ್ನಲು ಬಾಯಿ ತೆರೆದು "ನೋಡೋಣ" ಅಂದೆ,
ಕಚೇರಿಯಲ್ಲಿ ಇಲ್ಲ ಎನ್ನುವುದು ಹೀಗೆಯೇ.

ಪಾಳಿಯ ರುದ್ರೇಶಿ ರಜೆ; ಆ ರಾತ್ರಿ ನನ್ನದು.
ಎರಡು ಗಂಟೆಗೆ ಬಾಗಿಲ ಗಾಜಿನಲ್ಲಿ ಇಣುಕಿದೆ.
ಇಣುಕುವುದು ಕೆಲಸ.
ಹೂವಪ್ಪ ನಿಂತಿದ್ದ, ಹೀಟರಿನಿಂದ ಒಂದು ಮಾರು ದೂರ,
ಒಗೆದ ಅಂಗಿಯನ್ನು ಎರಡೂ ಹೆಗಲಲ್ಲಿ ಹಿಡಿದು,
ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡವನ ಹಾಗೆ.
ಕೈ ಸೋತಾಗ ಇಳಿಸುತ್ತಿದ್ದ. ಮತ್ತೆ ಎತ್ತುತ್ತಿದ್ದ.
ಬಿಸಿಯ ಕಡೆಗೆ ಒಂದು ಹೆಜ್ಜೆ ಬಂದ,
ಅರ್ಧ ಹೆಜ್ಜೆ ಹಿಂದೆ ಹೋದ.
ಎಷ್ಟು ಹೊತ್ತೋ. ನನ್ನ ಕಾಲು ಜೋಮು ಹಿಡಿಯಿತು.

ಬೆಳಿಗ್ಗೆ ತಪಾಸಣೆ ಪಟ್ಟಿ ತುಂಬಿದೆ.
ಸುಟ್ಟುಕೊಳ್ಳುವ ಅಪಾಯ: ಇಲ್ಲ.
ನೇತುಹಾಕುವ ಆಧಾರ: ಇಲ್ಲ.
ಬಟ್ಟೆ ಒಣಗಿಸುವ ವ್ಯವಸ್ಥೆ:
ಎದ್ದು ಹೋಗಿ ಕಾಫಿ ಕುಡಿದು ಬಂದೆ.
ಇದೆ, ಎಂದು ಬರೆದೆ.
ವಿವರ ಕೇಳಿದರೆ ಏನು ಹೇಳಲಿ ಎಂದುಕೊಳ್ಳುತ್ತಾ
ಸ್ಕೂಟರಿನ ಸೀಟು ಒರೆಸಿದೆ,
ಕೈಯಿಂದಲೇ.